ಮೊದಲ ಆರ್‌ಸಿ ವಿಮಾನದ ಆಯ್ಕೆ: ಬಿದ್ದ ಮೇಲೆ ಎಷ್ಟು ಬೇಗ ಏಳುತ್ತದೆ ನೋಡಿ

ನನ್ನ ಮೊದಲ ರೇಡಿಯೋ ನಿಯಂತ್ರಿತ ವಿಮಾನ ಎರಡನೇ ಮಹಾಯುದ್ಧದ ಫೈಟರ್ ಒಂದರ ಪಡಿಯಚ್ಚು. ರೆಕ್ಕೆಯಲ್ಲಿ ಬಂದೂಕಿನ ತೂತುಗಳು, ಕಾಕ್‌ಪಿಟ್ಟಿನಲ್ಲಿ ಹೆಬ್ಬೆರಳುದ್ದದ ಪೈಲಟ್. ಹದಿನಾಲ್ಕರ ವಯಸ್ಸಿನಲ್ಲಿ ಇನ್ನೇನು ಬೇಕು? ಓಡಿ ಹೋಗಿ ಎಸೆದೆ. ಎಡಕ್ಕೆ ವಾಲಿತು. ಗಾಬರಿಯಲ್ಲಿ ರಿಮೋಟಿನ ಸ್ಟಿಕ್ಕನ್ನೂ ಎಡಕ್ಕೇ ತಳ್ಳಿದೆ. ಆರು ಸೆಕೆಂಡಿನ ಹಾರಾಟ, ಮೂರು ವಾರದ ರಿಪೇರಿ. ಎರಡನೇ ಹಾರಾಟ ಇನ್ನೂ ಚುಟುಕು.

ಅಂದಿನಿಂದ ಯಾರಾದರೂ ಹೊಸಬರು "ಯಾವ ವಿಮಾನ ತಗೊಳ್ಳಲಿ?" ಎಂದು ಕೇಳಿದರೆ ನಾನು ಹಿಡಿಯುವ ಅಳತೆಗೋಲು ಒಂದೇ. ಇದು ಬಿದ್ದ ಮೇಲೆ ಎಷ್ಟು ಹೊತ್ತಿಗೆ ಮತ್ತೆ ಗಾಳಿಯಲ್ಲಿರುತ್ತದೆ? ಹತ್ತು ನಿಮಿಷಕ್ಕೋ, ಹತ್ತು ದಿನಕ್ಕೋ? ಕಲಿಯುವವರ ವಿಮಾನ ಬಿದ್ದೇ ಬೀಳುತ್ತದೆ, ಅದರಲ್ಲಿ ಚೌಕಾಸಿಯಿಲ್ಲ. ಕೈ ಪಳಗುವುದು ಹಾರಿಸಿದ ನಿಮಿಷಗಳಿಂದ. ವಿಮಾನ ಮೇಜಿನ ಮೇಲೆ ಗೋಂದು ಒಣಗಿಸುತ್ತಾ ಕೂತಿದ್ದರೆ ಆ ನಿಮಿಷಗಳು ಎಲ್ಲಿಂದ ಬರಬೇಕು? ಓದು, ಪರೀಕ್ಷೆಗಳ ನಡುವೆ ವಾರಕ್ಕೊಂದು ಬೆಳಗ್ಗೆ ಬಿಡುವು ಮಾಡಿಕೊಳ್ಳುವ ವಯಸ್ಸಿನವರಿಗಂತೂ ಈ ಲೆಕ್ಕ ಇನ್ನೂ ಬಿಗಿ.

ಸಿಮ್ಯುಲೇಟರ್ ಮೊದಲೋ, ವಿಮಾನ ಮೊದಲೋ

ಮೇಲಿನ ಅಳತೆಗೋಲಿನಲ್ಲಿ ನೋಡಿದರೆ, ಕಂಪ್ಯೂಟರಿನಲ್ಲಿ ಹಾರಿಸಿ ಕಲಿಯುವ ಸಿಮ್ಯುಲೇಟರ್‌ನ ರಿಪೇರಿ ಸಮಯ ಸೊನ್ನೆ. ಒಂದು ಗುಂಡಿ ಒತ್ತಿದರೆ ಹೊಸ ವಿಮಾನ. ಹಾಗಾಗಿ ಅದೇ ಮೊದಲು.

ಸಿಮ್ಯುಲೇಟರಿನಲ್ಲಿ ಕಲಿಯಬೇಕಾದ ಮುಖ್ಯ ಪಾಠ ಲೂಪ್ ಹೊಡೆಯುವುದಲ್ಲ. ವಿಮಾನ ನಿಮ್ಮಿಂದ ದೂರ ಹೋಗುವಾಗ ಅದರ ಎಡ, ನಿಮ್ಮ ಎಡ ಎರಡೂ ಒಂದೇ. ತಿರುಗಿ ನಿಮ್ಮ ಕಡೆ ಬರತೊಡಗಿದ ಕೂಡಲೇ ಎಡಬಲ ಅದಲುಬದಲು. ಮೊದಮೊದಲು ಬೀಳುವ ವಿಮಾನಗಳಲ್ಲಿ ಬಹುಪಾಲು ಬೀಳುವುದು ಈ ಗೊಂದಲದಲ್ಲೇ. ಇದಕ್ಕೊಂದು ಹಳೆಯ ಉಪಾಯವಿದೆ. ವಿಮಾನ ನಿಮ್ಮತ್ತ ಬರುತ್ತಿರುವಾಗ ಯಾವ ರೆಕ್ಕೆ ಕೆಳಗೆ ಜಗ್ಗಿದಂತೆ ಕಾಣುತ್ತದೋ, ಸ್ಟಿಕ್ಕನ್ನು ಅದೇ ಕಡೆಗೆ ತಳ್ಳಿ. ಬೀಳುತ್ತಿರುವ ರೆಕ್ಕೆಗೆ ಕೆಳಗಿನಿಂದ ಊರುಗೋಲು ಕೊಟ್ಟ ಹಾಗೆ. ಇದು ಯೋಚಿಸದೆ ಬರುವಷ್ಟು ಬೆರಳಿಗೆ ಇಳಿಯಲು ನನ್ನ ಅಂದಾಜಿನಲ್ಲಿ ಐದಾರು ಗಂಟೆ ಬೇಕು. ಅದೂ ಒಂದೇ ದಿನವಲ್ಲ, ದಿನಕ್ಕೆ ಇಪ್ಪತ್ತು ನಿಮಿಷದಂತೆ.

ಸಾಫ್ಟ್‌ವೇರ್ ಯಾವುದು ಎಂಬುದು ಅಷ್ಟು ದೊಡ್ಡ ವಿಷಯವಲ್ಲ. ರಿಯಲ್‌ಫ್ಲೈಟ್ ಹಣ ಕೊಟ್ಟು ಕೊಳ್ಳುವಂಥದ್ದು, ಚೆನ್ನಾಗಿದೆ. ಪಿಕಾಸಿಮ್, ಸಿಆರ್‌ಆರ್‌ಸಿಸಿಮ್ ಉಚಿತ, ಕಲಿಕೆಗೆ ಸಾಕು. ಆದರೆ ಕೀಬೋರ್ಡಿನಲ್ಲಿ, ಮೊಬೈಲಿನ ಪರದೆಯ ಮೇಲೆ ಆಡಿ ಕಲಿಯಬೇಡಿ. ಬೆರಳು ತಪ್ಪು ಪಾಠ ಕಲಿಯುತ್ತದೆ. ನಾಳೆ ನಿಜವಾಗಿ ಹಿಡಿಯಲಿರುವ ಟ್ರಾನ್ಸ್‌ಮಿಟರನ್ನೇ, ಎಂದರೆ ರಿಮೋಟನ್ನೇ, ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿ. ಸಿಮ್ಯುಲೇಟರ್ ಕಲಿಸದ ಒಂದೇ ಸಂಗತಿ ಮೊಣಕಾಲಿನ ನಡುಕ. ಅದು ಮೈದಾನದಲ್ಲೇ ಬರಬೇಕು, ಮೈದಾನದಲ್ಲೇ ಹೋಗಬೇಕು.

ಆಕಾರ: ಟ್ರೈನರ್, ಗ್ಲೈಡರ್, ಪುಟಾಣಿ, ಫೈಟರ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಹೊಸಬರು ಎಡವುವುದು ಇಲ್ಲೇ.

ಟ್ರೈನರ್ ಎಂದರೆ ದೇಹದ ಮೇಲ್ಗಡೆ ಕೂತ ರೆಕ್ಕೆ, ಬುಡದಿಂದ ತುದಿಯವರೆಗೆ ಹೆಚ್ಚು ಕಡಿಮೆ ಒಂದೇ ಅಗಲ, ಎರಡು ತುದಿಗಳೂ ಒಂದಿಷ್ಟು ಮೇಲಕ್ಕೆ ಎತ್ತಿದ್ದು. ನೋಡಲು ಪೆದ್ದು. ಆ ಪೆದ್ದುತನದ ಹಿಂದೆ ಲೆಕ್ಕವಿದೆ. ತುದಿ ಎತ್ತಿದ ರೆಕ್ಕೆ ಒಂದು ಕಡೆ ವಾಲಿದರೆ ತಾನಾಗಿ ಸಮಸ್ಥಿತಿಗೆ ಮರಳಲು ನೋಡುತ್ತದೆ. ಅಗಲ ಒಂದೇ ಇರುವುದರಿಂದ ವೇಗ ತೀರಾ ತಗ್ಗಿದಾಗ ರೆಕ್ಕೆಯ ಬುಡದ ಭಾಗ ಮೊದಲು ಎತ್ತುವ ಬಲ ಕಳೆದುಕೊಳ್ಳುತ್ತದೆ, ವಿಮಾನ ಮೂಗು ತಗ್ಗಿಸಿ ಮತ್ತೆ ವೇಗ ಹಿಡಿಯುತ್ತದೆ. ಫೈಟರಿನ ಚೂಪು ರೆಕ್ಕೆಯಲ್ಲಿ ಬಲ ಮೊದಲು ಹೋಗುವುದು ತುದಿಯಲ್ಲಿ, ಅದೂ ಒಂದೇ ಕಡೆ. ಆಗ ವಿಮಾನ ತಟ್ಟನೆ ಮಗುಚಿಕೊಳ್ಳುತ್ತದೆ. ಇಳಿಸಲೆಂದು ನೀವು ವೇಗ ತಗ್ಗಿಸಿ ನೆಲದ ಹತ್ತಿರ ತಂದಿರುವಾಗಲೇ ಇದು ಆಗುವುದು.

ಅಂಕಿಗಳಲ್ಲಿ ಬೇಕೆನ್ನುವವರು ವಿಮಾನದ ತೂಕವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿ ನೋಡಿ. 1.1 ಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ ರೆಕ್ಕೆ ಎಂದರೆ ಸುಮಾರು 20 ಚದರ ಡೆಸಿಮೀಟರ್. ವಿಮಾನ 750 ಗ್ರಾಂ ಇದ್ದರೆ ಪ್ರತಿ ಚದರ ಡೆಸಿಮೀಟರಿನ ಮೇಲೆ 37–38 ಗ್ರಾಂ ಹೊರೆ. ಅಷ್ಟೇ ಉದ್ದದ ಫೈಟರಿನ ರೆಕ್ಕೆ ಕಿರಿದು, 16 ಚದರ ಡೆಸಿಮೀಟರ್, ತೂಕ ಒಂದು ಕಿಲೋ ಎಂದಿಟ್ಟುಕೊಳ್ಳಿ. ಹೊರೆ 62 ಗ್ರಾಂ ದಾಟಿತು. ಗಾಳಿಯಲ್ಲಿ ಉಳಿಯಲು ಬೇಕಾದ ಕನಿಷ್ಠ ವೇಗ ಈ ಹೊರೆಯ ವರ್ಗಮೂಲದ ಪ್ರಮಾಣದಲ್ಲಿ ಏರುತ್ತದೆ. ಎಂದರೆ ಫೈಟರ್ ನೆಲಕ್ಕೆ ಬರುವುದು ಸುಮಾರು 30% ಹೆಚ್ಚು ವೇಗದಲ್ಲಿ. ಬಡಿತದ ಶಕ್ತಿಯೋ ವೇಗದ ವರ್ಗದೊಂದಿಗೆ ಏರುತ್ತದೆ. ಹೆಚ್ಚಿನ ತೂಕವನ್ನೂ ಸೇರಿಸಿ ಗುಣಿಸಿದರೆ ಅದೇ ತಪ್ಪಿಗೆ ಎರಡು ಪಟ್ಟಿಗೂ ಮೀರಿದ ಪೆಟ್ಟು. ನನ್ನ ಮೂರು ವಾರದ ರಿಪೇರಿಯ ಗುಟ್ಟು ಇಷ್ಟೇ.

ಟ್ರೈನರುಗಳಲ್ಲೂ ಮೋಟಾರು ಎಲ್ಲಿದೆ ನೋಡಿ. ಮೂಗಿನಲ್ಲಿ ಮೋಟಾರಿದ್ದರೆ ಮೂಗು ಕುಟ್ಟಿದಾಗ ಮೊದಲು ಮುರಿಯುವುದು ಪ್ರೊಪೆಲ್ಲರ್, ಆಮೇಲೆ ಮೋಟಾರಿನ ಶಾಫ್ಟ್ ಬಾಗುತ್ತದೆ. ರೆಕ್ಕೆಯ ಹಿಂದೆ ಮೇಲ್ಗಡೆ ಮೋಟಾರಿದ್ದರೆ ಪೆಟ್ಟು ತಿನ್ನುವುದು ಬರೀ ಫೋಮಿನ ಮೂಗು. ಅದಕ್ಕೆ ಗೋಂದು ಹಚ್ಚಿದರಾಯಿತು. ಮಲ್ಟಿಪ್ಲೆಕ್ಸ್ ಎಂಬ ಕಂಪನಿಯ ಈಸಿಸ್ಟಾರ್ ವಿಮಾನ ಹೆಸರು ಮಾಡಿದ್ದು ಈ ಜೋಡಣೆಯಿಂದ. ಹಾಬಿಝೋನ್ ಕಂಪನಿಯ ಏರೋಸ್ಕೌಟ್‌ನದೂ ಇದೇ ಜೋಡಣೆ, ರೆಕ್ಕೆ 1.1 ಮೀಟರ್. 1.5 ಮೀಟರಿನ ಅಪ್ರೆಂಟಿಸ್ ಎಂಬ ಟ್ರೈನರಿಗೆ ಮೋಟಾರು ಮೂಗಿನಲ್ಲಿ. ಗಾಳಿಯಲ್ಲಿ ಹೆಚ್ಚು ಗಂಭೀರವಾಗಿ ನಡೆಯುತ್ತದೆ, ದೂರದಿಂದಲೂ ಚೆನ್ನಾಗಿ ಕಾಣುತ್ತದೆ, ಆದರೆ ಸೈಕಲ್ಲಿನಲ್ಲಿ ಒಯ್ಯಲಾಗದು. ಮೈದಾನಕ್ಕೆ ಯಾರೂ ಕಾರಿನಲ್ಲಿ ಕರೆದೊಯ್ಯುವವರಿಲ್ಲದ ವಯಸ್ಸಿನಲ್ಲಿ ಇದು ಸಣ್ಣ ಮಾತಲ್ಲ. ಕೊಳ್ಳುವ ಮುಂಚೆ ರೆಕ್ಕೆ ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಿಕೊಳ್ಳಿ.

ಮೋಟಾರು ಗ್ಲೈಡರ್ ನನಗೆ ಟ್ರೈನರಿನಷ್ಟೇ ಇಷ್ಟ. ಉದ್ದ ರೆಕ್ಕೆ, ನಿಧಾನದ ಹಾರಾಟ. ಎತ್ತರಕ್ಕೆ ಏರಿಸಿ ಮೋಟಾರು ನಿಲ್ಲಿಸಿದರೆ ಯೋಚಿಸಲು ಬೇಕಾದಷ್ಟು ಸಮಯ. ಮೋಟಾರು ಬಿಟ್ಟುಬಿಟ್ಟು ಓಡಿಸುವುದರಿಂದ ಒಂದೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ಹಾರಿಸಬಹುದು, ಹಾಗಾಗಿ ಅಭ್ಯಾಸವೂ ಹೆಚ್ಚು. ತೊಂದರೆ ಇರುವುದು ಇಳಿಸುವಾಗ. ಇದಕ್ಕೆ ಇಳಿಯಲು ಮನಸ್ಸೇ ಇರುವುದಿಲ್ಲ. ನೆಲಕ್ಕೆ ಒಂದು ಮೀಟರ್ ಮೇಲೆ ತೇಲುತ್ತಾ ತೇಲುತ್ತಾ ಮೈದಾನವನ್ನೇ ದಾಟಿ ಆಚೆಯ ಮರಕ್ಕೆ ಹೋಗಿ ಕೂರುತ್ತದೆ. ಜಾಗ ಧಾರಾಳವಾಗಿದ್ದರೆ ಗ್ಲೈಡರ್. ಶಾಲೆಯ ಆಟದ ಮೈದಾನದಷ್ಟೇ ಜಾಗವಿದ್ದರೆ ಟ್ರೈನರ್.

ಅಂಗೈ ಮೇಲೆ ಕೂರುವ ಪುಟಾಣಿ ವಿಮಾನಗಳು ಬಿದ್ದರೆ ಪುಟಿಯುತ್ತವೆ. ಅಷ್ಟು ಹಗುರಕ್ಕೆ ಮುರಿಯುವಂಥದ್ದೇನೂ ಇರುವುದಿಲ್ಲ. ಆದರೆ ಎಲೆ ಅಲ್ಲಾಡುವಷ್ಟು ಗಾಳಿ ಬಂದರೂ ದಿಕ್ಕಾಪಾಲು. ಐವತ್ತು ಮೀಟರ್ ದೂರ ಹೋದರೆ ಅದು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದು. ಒಳಾಂಗಣ ಕ್ರೀಡಾಂಗಣ ಸಿಗುವವರಿಗೆ ಸರಿ.

ಡ್ರೋನ್ ಹಾರಿಸಿದ ಅನುಭವ ಇದ್ದರೆ? ಇಲ್ಲಿ ಅದರಿಂದ ಅಷ್ಟೇನೂ ಉಪಯೋಗವಿಲ್ಲ. ಕ್ಯಾಮೆರಾ ಡ್ರೋನ್ ಸ್ಟಿಕ್ ಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ. ವಿಮಾನ ನಿಂತರೆ ಬೀಳುತ್ತದೆ.

ಮೂರು ಚಾನೆಲ್, ನಾಲ್ಕು ಚಾನೆಲ್

ಚಾನೆಲ್ ಎಂದರೆ ರಿಮೋಟಿನಿಂದ ಬೇರೆಬೇರೆಯಾಗಿ ನಡೆಸಬಹುದಾದ ಒಂದೊಂದು ಕೆಲಸ. ಮೂರು ಎಂದರೆ ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಥ್ರಾಟಲ್, ಮೂಗನ್ನು ಏರಿಸಿ ಇಳಿಸುವ ಎಲಿವೇಟರ್, ಎಡಬಲಕ್ಕೆ ತಿರುಗಿಸುವ ರಡ್ಡರ್. ನಾಲ್ಕನೆಯದು ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಅಂಚಿನ ಏಲರಾನ್. ಏಲರಾನ್ ಇಲ್ಲದೆಯೂ ವಿಮಾನ ವಾಲಿ ತಿರುಗುವುದು ಹೇಗೆಂದರೆ, ರಡ್ಡರ್ ಮೂಗನ್ನು ಪಕ್ಕಕ್ಕೆ ತಿರುಗಿಸಿದಾಗ ತುದಿ ಎತ್ತಿದ ರೆಕ್ಕೆಗಳಲ್ಲಿ ಮುಂದಾದ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ತಾಗಿ ಅದು ಮೇಲೇಳುತ್ತದೆ. ಮೂರು ಚಾನೆಲ್ ಸರಳ, ಈ ಭಾಗಗಳನ್ನು ಅಲುಗಿಸುವ ಪುಟ್ಟ ಮೋಟಾರುಗಳು, ಎಂದರೆ ಸರ್ವೋ, ಕಡಿಮೆ, ಕೆಡುವುದೂ ಕಡಿಮೆ. ಆದರೆ ಮುಂದೆ ಹೋಗುವ ದಾರಿಯೆಲ್ಲ ನಾಲ್ಕು ಚಾನೆಲ್ಲಿನದು. ಸಿಮ್ಯುಲೇಟರಿನಲ್ಲಿ ಕೈ ಪಳಗಿಸಿದವರು ನೇರವಾಗಿ ನಾಲ್ಕಕ್ಕೆ ಹೋಗಬಹುದು. ಸಿಮ್ಯುಲೇಟರ್ ಸಿಗದವರಿಗೆ ಮಾತ್ರ ಮೂರು ಎನ್ನುತ್ತೇನೆ.

ಫೋಮ್, ಬಾಲ್ಸಾ, ಕೈಯಾರೆ ಕಟ್ಟಿದ್ದು

ಕಾರ್ಖಾನೆಯ ಫೋಮ್ ವಿಮಾನ ಸೀಳಿದರೆ ಅಂಟಿಸಿ, ಟೇಪ್ ಸುತ್ತಿ, ಅದೇ ಬೆಳಗ್ಗೆ ಮತ್ತೆ ಹಾರಿಸಬಹುದು. ಒಂದು ಎಚ್ಚರಿಕೆ ಇದೆ. ಥರ್ಮಾಕೋಲಿನಂಥ ಕಾಳುಕಾಳು ಬಿಳಿ ಫೋಮಿಗೆ ಸಾಮಾನ್ಯ ಸೂಪರ್ ಗ್ಲೂ ಹಾಕಿದರೆ ಅಂಟುವುದಿಲ್ಲ, ಕರಗಿ ಗುಂಡಿ ಬೀಳುತ್ತದೆ. ಇಪಿಒ, ಇಪಿಪಿ ಎಂಬ ಫೋಮುಗಳಿಗೆ ಅದು ನಡೆಯುತ್ತದೆ. ಯಾವ ಫೋಮೆಂದು ತಿಳಿಯದಿದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ.

ಬಾಲ್ಸಾ ಮರದ ವಿಮಾನ ಹಾರುವ ಸೊಗಸೇ ಬೇರೆ. ಹಗುರ, ಬಿಗಿ, ಸ್ಟಿಕ್ಕಿಗೆ ಚುರುಕಾಗಿ ಓಗೊಡುತ್ತದೆ. 2003ರ ಆಗಸ್ಟ್‌ನಲ್ಲಿ ಅಮೆರಿಕದ ಮಾದರಿ ವಿಮಾನ ಹವ್ಯಾಸಿ ಮೇನಾರ್ಡ್ ಹಿಲ್ ಮತ್ತು ಸಂಗಡಿಗರ ಟಿಎಎಂ-5 ಎಂಬ ಮಾದರಿ ವಿಮಾನ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು ಅಟ್ಲಾಂಟಿಕ್ ದಾಟಿ ಐರ್ಲೆಂಡಿನಲ್ಲಿ ಇಳಿಯಿತು. ಹತ್ತಿರ ಹತ್ತಿರ 39 ಗಂಟೆ, ಮೂರು ಸಾವಿರ ಕಿಲೋಮೀಟರ್. ಇಂಧನವೂ ಸೇರಿ ಐದು ಕಿಲೋ ದಾಟದ, ಬಾಲ್ಸಾದಿಂದ ಕಟ್ಟಿದ ವಿಮಾನ. ದಾರಿಯುದ್ದಕ್ಕೂ ನಡೆಸಿದ್ದು ಒಳಗಿದ್ದ ಆಟೋಪೈಲಟ್. ಅದಕ್ಕೂ ಮುಂಚೆ ಕಳಿಸಿದ ಕೆಲವು ಸಮುದ್ರದ ಪಾಲಾಗಿದ್ದವು ಎಂಬುದನ್ನೂ ಹೇಳಿಬಿಡಬೇಕು. ಆದರೆ ಬಾಲ್ಸಾ ನೆಲಕ್ಕೆ ಬಿದ್ದರೆ ಚೂರು. ರೆಕ್ಕೆಯೊಳಗಿನ ಪಕ್ಕೆಲುಬಿನಂಥ ಪಟ್ಟಿಗಳನ್ನು ಕತ್ತರಿಸಿ, ಅಂಟಿಸಿ, ಮೇಲಿನ ಹೊದಿಕೆಯನ್ನು ಇಸ್ತ್ರಿ ಹಾಕಿ ಬಿಗಿಯುವಷ್ಟರಲ್ಲಿ ಸಂಜೆಗಳೆಷ್ಟೋ ಹೋಗುತ್ತವೆ. ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಮೂರನೇ ದಾರಿ ಫೋಮ್ ಬೋರ್ಡು. ಫೋಮಿನ ಎರಡೂ ಕಡೆ ಕಾಗದ ಅಂಟಿಸಿದ ಹಾಳೆ, ಶಾಲೆಯ ಪ್ರಾಜೆಕ್ಟಿಗೆ ಬಳಸುವಂಥದ್ದು. ನಕ್ಷೆಗಳು ಉಚಿತವಾಗಿ ಸಿಗುತ್ತವೆ. ಫ್ಲೈಟ್ ಟೆಸ್ಟ್ ಎಂಬ ಸಂಸ್ಥೆಯವರ ಟೈನಿ ಟ್ರೈನರ್ ಹೊಸಬರಿಗೆಂದೇ ಮಾಡಿದ್ದು. ಚೂಪು ಬ್ಲೇಡು, ಹಾಟ್ ಗ್ಲೂ ಗನ್ನು, ಉದ್ದನೆಯ ಸ್ಕೇಲು ಇದ್ದರೆ ಎರಡು ಸಂಜೆಯ ಕೆಲಸ. ಹಣಕ್ಕಿಂತ ಸಮಯ ಹೆಚ್ಚಿರುವ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಇಲ್ಲ. ಮೋಟಾರು, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ಸರ್ವೋ, ಟ್ರಾನ್ಸ್‌ಮಿಟರಿನ ಸಂಕೇತ ಹಿಡಿಯುವ ರಿಸೀವರ್ ಒಮ್ಮೆ ಕೊಂಡರೆ ದೇಹ ಚಿಂದಿಯಾದಾಗ ಅವನ್ನೇ ಬಿಚ್ಚಿ ಮುಂದಿನದಕ್ಕೆ ಹಾಕುತ್ತೀರಿ. ತಾವೇ ಕಟ್ಟಿದವರಿಗೆ ರಿಪೇರಿಯ ಭಯವೂ ಇರುವುದಿಲ್ಲ. ಕೊರತೆ ಒಂದೇ: ಹಾರದಿದ್ದರೆ ತಪ್ಪು ವಿಮಾನದ್ದೋ ನಿಮ್ಮದೋ ಎಂದು ತಿಳಿಯುವುದು ಕಷ್ಟ. ಹತ್ತರಲ್ಲಿ ಏಳೆಂಟು ಸಲ ತೂಕದ ಸಮತೋಲ ತಪ್ಪಿರುತ್ತದೆ. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ 25–30% ಹಿಂದಕ್ಕೆ ಎರಡು ಬೆರಳಿಟ್ಟು ಎತ್ತಿದಾಗ ವಿಮಾನ ಸಮವಾಗಿ ನಿಲ್ಲಬೇಕು, ಅಥವಾ ಮೂಗು ಕೊಂಚ ಕೆಳಗಿರಬೇಕು. ಬಾಲ ಭಾರವಾಗಿದ್ದರೆ ಹಾರಿಸಲು ಹೋಗಲೇಬೇಡಿ. ಬ್ಯಾಟರಿಯನ್ನು ಮುಂದಕ್ಕೆ ಸರಿಸಿ.

ಡಬ್ಬಿಯ ಮೇಲಿನ ಅಕ್ಷರಗಳು

ಆರ್‌ಟಿಎಫ್ ಎಂದಿದ್ದರೆ ಟ್ರಾನ್ಸ್‌ಮಿಟರ್, ಬ್ಯಾಟರಿ, ಸಾಮಾನ್ಯವಾಗಿ ಚಾರ್ಜರೂ ಒಳಗೇ ಇರುತ್ತದೆ. ಬಿಎನ್‌ಎಫ್‌ನಲ್ಲಿ ರಿಸೀವರ್ ಇರುತ್ತದೆ, ಟ್ರಾನ್ಸ್‌ಮಿಟರ್ ನಿಮ್ಮದು. ಪಿಎನ್‌ಪಿ ಎಂದರೆ ಮೋಟಾರು, ಸರ್ವೋ ಕೂರಿಸಿರುತ್ತಾರೆ, ರಿಸೀವರೂ ನಿಮ್ಮದೇ. ಎಆರ್‌ಎಫ್‌ನಲ್ಲಿ ಹೆಚ್ಚಾಗಿ ಬರೀ ಮೈಕಟ್ಟು.

ಬೇಗ ಹಾರಿಸಬೇಕೆಂದರೆ ಆರ್‌ಟಿಎಫ್. ಆದರೆ ಅದರ ಜತೆ ಬರುವ ಟ್ರಾನ್ಸ್‌ಮಿಟರ್ ಎಷ್ಟೋ ಸಲ ಆ ಒಂದು ವಿಮಾನದಾಚೆಗೆ ಉಪಯೋಗಕ್ಕೆ ಬಾರದು. ವಿಮಾನಗಳು ಬರುತ್ತವೆ ಹೋಗುತ್ತವೆ; ಒಳ್ಳೆಯ ಟ್ರಾನ್ಸ್‌ಮಿಟರ್ ಹತ್ತು ವರ್ಷ ಬಾಳುತ್ತದೆ. ನನ್ನ ಸಲಹೆ ಹೀಗೆ: ಸಿಮ್ಯುಲೇಟರಿನ ಐದಾರು ಗಂಟೆ ಮುಗಿದ ಮೇಲೂ ಆಸೆ ಇಳಿಯದಿದ್ದರೆ ಆರು ಚಾನೆಲ್ಲಿಗೆ ಕಡಿಮೆಯಿಲ್ಲದ ಟ್ರಾನ್ಸ್‌ಮಿಟರ್ ಕೊಂಡು ಬಿಎನ್‌ಎಫ್ ಅಥವಾ ಪಿಎನ್‌ಪಿ ತೆಗೆದುಕೊಳ್ಳಿ. ಇನ್ನೂ ಅನುಮಾನವಿದ್ದರೆ ಆರ್‌ಟಿಎಫ್.

2.4 ಗಿಗಾಹರ್ಟ್ಸ್ ಎಂಬ ರೇಡಿಯೋ ಆವರ್ತನ ಎಲ್ಲದರ ಮೇಲೂ ಬರೆದಿರುತ್ತದೆ ಎಂದ ಮಾತ್ರಕ್ಕೆ ಎಲ್ಲವೂ ಒಂದಕ್ಕೊಂದು ಮಾತಾಡುವುದಿಲ್ಲ. ಸ್ಪೆಕ್ಟ್ರಮ್, ಫುಟಾಬಾ, ಫ್ಲೈಸ್ಕೈ, ಫ್ರ್‌ಸ್ಕೈ ಎಂಬ ಕಂಪನಿಗಳದು ಅವರವರದೇ ಭಾಷೆ. ಹಲವು ಭಾಷೆ ಬಲ್ಲ ಮಲ್ಟಿಪ್ರೋಟೋಕಾಲ್ ಟ್ರಾನ್ಸ್‌ಮಿಟರುಗಳೂ ಇವೆ. ಸೆಟ್ಟಿಂಗುಗಳಲ್ಲಿ ತಲೆ ಹಾಕಲು ಇಷ್ಟವಿರುವವರಿಗೆ ಅವೇ ಲಾಭ. ಹಳೆಯ ಕಾಲದಲ್ಲಿ ಇನ್ನೊಂದು ಫಜೀತಿಯಿತ್ತು. ಒಂದೇ ಕ್ರಿಸ್ಟಲ್ಲಿನ, ಎಂದರೆ ಒಂದೇ ಆವರ್ತನದ, ಇಬ್ಬರು ಒಟ್ಟಿಗೆ ಸ್ವಿಚ್ ಒತ್ತಿದರೆ ಗಾಳಿಯಲ್ಲಿದ್ದ ವಿಮಾನ ಕೈತಪ್ಪುತ್ತಿತ್ತು. 2.4 ಆ ಕಾಟವನ್ನು ಮುಗಿಸಿತು.

ಮೋಡ್ 1, ಮೋಡ್ 2 ಎಂಬ ಇನ್ನೊಂದು ಆಯ್ಕೆ ಬರುತ್ತದೆ. ಮೋಡ್ 2ರಲ್ಲಿ ಥ್ರಾಟಲ್ ಎಡಗೈಗೆ, ಎಲಿವೇಟರ್ ಮತ್ತು ಏಲರಾನ್ ಬಲಗೈಗೆ. ಯಾವುದು ಮೇಲೆಂದು ಜಗಳ ಬೇಡ. ನಿಮಗೆ ಹೇಳಿಕೊಡುವವರು ಯಾವುದನ್ನು ಹಿಡಿಯುತ್ತಾರೋ ಅದು. ವಿಮಾನ ಕೈಮೀರಿದಾಗ ಟ್ರಾನ್ಸ್‌ಮಿಟರ್ ಕಿತ್ತುಕೊಂಡು ಉಳಿಸುವವರು ಅವರೇ ತಾನೆ.

ಜೈರೋ ಬೇಕೆ

ಈಗಿನ ಟ್ರೈನರುಗಳಲ್ಲಿ ವಾಲುವುದನ್ನು ಮಿತಿಯೊಳಗಿಟ್ಟು, ಸ್ಟಿಕ್ ಬಿಟ್ಟರೆ ತಾನೇ ಸಮ ಮಾಡಿಕೊಳ್ಳುವ ಜೈರೋ ಇರುತ್ತದೆ. ಏರೋಸ್ಕೌಟ್, ಅಪ್ರೆಂಟಿಸ್ ಎರಡರಲ್ಲೂ ಸೇಫ್ ಎಂಬ ಹೆಸರಿನಲ್ಲಿ ಇದೆ. ಹಳಬರು ಕೆಲವರು ಮೂಗು ಮುರಿಯುತ್ತಾರೆ: "ಊರುಗೋಲು ಹಿಡಿದು ನಡೆದವನಿಗೆ ಕಾಲು ಬರುವುದಿಲ್ಲ." ನಾನು ಒಪ್ಪುವುದಿಲ್ಲ. ಅದಿಲ್ಲದಿದ್ದಕ್ಕೇ ನಾನು ಮೂರು ವಾರ ಗೋಂದು ಹಚ್ಚಿದ್ದು. ಆದರೆ ಸ್ವಿಚ್ಚಿನಿಂದ ಆಫ್ ಮಾಡಲು ಬರುವ ಜೈರೋ ಮಾತ್ರ ಕೊಳ್ಳಿ. ನಾಲ್ಕೈದನೇ ಬ್ಯಾಟರಿಯಿಂದಾಚೆಗೆ, ಹತ್ತು ಅಂತಸ್ತಿನ ಕಟ್ಟಡಕ್ಕೂ ಎತ್ತರದಲ್ಲಿ ಆಫ್ ಮಾಡಿ, ಒಂದು ಸುತ್ತು ಹಾಕಿ, ಮತ್ತೆ ಆನ್ ಮಾಡಿಕೊಳ್ಳಿ. ದಿನದಿನಕ್ಕೆ ಜೈರೋ ಇಲ್ಲದ ಸುತ್ತುಗಳು ಹೆಚ್ಚಲಿ.

ಬ್ಯಾಟರಿಯೋ ಇಂಧನವೋ

ಮೆಥನಾಲ್ ಕುಡಿಯುವ ಗ್ಲೋ ಎಂಜಿನ್ನಿನ ಸದ್ದು, ವಾಸನೆ ಮರೆಯಲಾಗದ್ದು. ಶುರುವಿಗೆ ಬೇಡ. ಎಂಜಿನ್ ಟ್ಯೂನ್ ಮಾಡುವುದರಲ್ಲೇ ಬೆಳಗ್ಗೆ ಕಳೆದುಹೋಗುತ್ತದೆ.

ಬ್ಯಾಟರಿ ಎಂದರೆ ಲಿಪೊ, ಎಂದರೆ ಲಿಥಿಯಂ ಪಾಲಿಮರ್. ತಯಾರಕರು ಹೇಳಿದ್ದಕ್ಕಿಂತ ದೊಡ್ಡದು ಹಾಕಿದರೆ ತೂಕ ಏರಿ ಮೇಲಿನ ರೆಕ್ಕೆಯ ಲೆಕ್ಕವೆಲ್ಲ ಕೆಡುತ್ತದೆ. ಹೇಳಿದ ಅಳತೆಯದ್ದನ್ನೇ ಮೂರು ಇಟ್ಟುಕೊಳ್ಳಿ. ತುಂಬಿದಾಗ ಒಂದೊಂದು ಸೆಲ್ 4.2 ವೋಲ್ಟ್, ಎತ್ತಿಡುವಾಗ 3.8ರ ಆಸುಪಾಸು. 3 ವೋಲ್ಟಿನ ಕೆಳಗಿಳಿದರೆ ಸೆಲ್ ಹಾಳು, ಆದ್ದರಿಂದ 3.5ರ ಹೊತ್ತಿಗೇ ನೆಲದ ಮೇಲಿರಿ. ಸೆಲ್ಲುಗಳನ್ನೆಲ್ಲ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರಿಲ್ಲದೆ ಚಾರ್ಜ್ ಮಾಡಬೇಡಿ. 1300 ಎಂಎಎಚ್ ಬ್ಯಾಟರಿಗೆ 1.3 ಆಂಪಿಯರ್ ಸಾಕು, ಗಂಟೆಯೊಂದರಲ್ಲಿ ತುಂಬುತ್ತದೆ. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು, ಉಬ್ಬಿದ ಬ್ಯಾಟರಿಯನ್ನು "ಇನ್ನೊಂದೇ ಸಲ" ಎಂದು ಬಳಸುವುದು ಬೆಂಕಿಯ ಜತೆ ಸರಸ, ಅಕ್ಷರಶಃ. ಚಾರ್ಜ್ ಆಗುವಾಗ ಮನೆಯ ದೊಡ್ಡವರೊಬ್ಬರಿಗೆ ಗೊತ್ತಿರಲಿ.

ಮೇಜಿನ ಮೇಲೆ ಸರ್ವೋ ಪರೀಕ್ಷಿಸುವಾಗ ಪ್ರೊಪೆಲ್ಲರ್ ಬಿಚ್ಚಿಡಿ. ಟ್ರಾನ್ಸ್‌ಮಿಟರ್ ಮೊದಲು ಆನ್, ವಿಮಾನದ ಬ್ಯಾಟರಿ ಆಮೇಲೆ, ಮುಗಿಸುವಾಗ ತಿರುಗುಮುರುಗು. ಬೆರಳು ಕಳೆದುಕೊಂಡರೆ ಹತ್ತು ನಿಮಿಷದಲ್ಲಿ ಅಂಟಿಸಲಾಗದು.

ಒಬ್ಬರೇ, ಇಲ್ಲ ಕ್ಲಬ್ಬಿನಲ್ಲಿ

ಹತ್ತಿರ ಕ್ಲಬ್ಬಿದ್ದರೆ ಮೇಲಿನ ಅರ್ಧ ತಲೆನೋವು ಕಡಿಮೆ. ಎರಡು ಟ್ರಾನ್ಸ್‌ಮಿಟರುಗಳನ್ನು ಜೋಡಿಸುವ ಬಡ್ಡಿ ಬಾಕ್ಸ್ ವ್ಯವಸ್ಥೆಯಲ್ಲಿ ಕಲಿಸುವವರು ಒಂದು ಸ್ವಿಚ್ ಒತ್ತಿ ಹಿಡಿದಿರುವವರೆಗೆ ವಿಮಾನ ನಿಮ್ಮದು. ಎಡವಟ್ಟಾದರೆ ಅವರು ಬೆರಳು ಬಿಡುತ್ತಾರೆ, ವಿಮಾನ ಅವರ ಕೈಗೆ. ಬೀಳುವ ಮುಂಚೆಯೇ ರಿಪೇರಿಯಾದ ಹಾಗೆ. ಹದಿಹರೆಯದವರು ಒಬ್ಬರೇ ಹೋಗಿ ಕೇಳಲು ಸಂಕೋಚಪಡುತ್ತಾರೆ. ಕ್ಲಬ್ಬುಗಳಲ್ಲಿ ನಿಜಕ್ಕೂ ಹುಡುಕುತ್ತಿರುವುದು ಎಳೆಯರನ್ನೇ.

ಒಬ್ಬರೇ ಹಾರಿಸುವುದಾದರೆ ದೇಶದ ನಿಯಮ ನೀವೇ ಓದಿಕೊಳ್ಳಬೇಕು. 250 ಗ್ರಾಂ ದಾಟಿದರೆ ನೋಂದಣಿ, ಸುಮಾರು 120 ಮೀಟರ್ ಎತ್ತರದ ಮಿತಿ, ವಿಮಾನ ನಿಲ್ದಾಣದ ಸುತ್ತ ನಿಷೇಧ, ಇವು ಹಲವು ಕಡೆ ಕಾಣುವ ನಿಯಮಗಳು. ವಯಸ್ಸು ಸಾಲದಿದ್ದರೆ ನೋಂದಣಿ ದೊಡ್ಡವರ ಹೆಸರಿನಲ್ಲಿ ಆಗಬೇಕಾದೀತು. ಗಾಳಿ ಮಲಗಿರುವ ಮುಂಜಾನೆ, ಹುಲ್ಲಿನ ನೆಲ, ಜನರಿಲ್ಲದ ದಿಕ್ಕು, ಸೂರ್ಯ ಬೆನ್ನಿಗೆ. ಎಸೆಯುವುದೂ ಇಳಿಸುವುದೂ ಗಾಳಿಗೆದುರಾಗಿ.

ಆಮೇಲೆ ಎರಡನೆಯದು

ಜೈರೋ ಆಫ್ ಮಾಡಿ, ಎಡಸುತ್ತು ಬಲಸುತ್ತು ಎರಡೂ ಹಾಕಿ, ಹೇಳಿದ ಜಾಗದ ಆಸುಪಾಸಿನಲ್ಲೇ ಸತತವಾಗಿ ಐದು ಸಲ ಇಳಿಸಲು ಬಂದರೆ ಎರಡನೇ ವಿಮಾನದ ಯೋಚನೆ ಮಾಡಬಹುದು. ಕೆಳಗಡೆ ರೆಕ್ಕೆಯ, ನಾಲ್ಕು ಚಾನೆಲ್ಲಿನ ಸ್ಪೋರ್ಟ್ ವಿಮಾನ ಸಹಜವಾದ ಮುಂದಿನ ಮೆಟ್ಟಿಲು. ಫೈಟರ್ ಅದರ ಮೇಲಿನದು. ನಾನು ಎರಡು ವರ್ಷ ಬಿಟ್ಟು ಮತ್ತೊಂದು ಫೈಟರ್ ಕೊಂಡೆ, ಈ ಸಲ ಹಾರಿತು. ಟ್ರೈನರನ್ನು ಮಾತ್ರ ಮಾರಬೇಡಿ. ಹೊಸದನ್ನು ಮೈದಾನಕ್ಕೆ ಒಯ್ದ ದಿನ ಮೊದಲ ಬ್ಯಾಟರಿ ಟ್ರೈನರಿನಲ್ಲಿ ಕಳೆಯಿರಿ. ಬೆರಳು ಹದಕ್ಕೆ ಬಂದಿರುತ್ತದೆ, ಆ ಬೆಳಗಿನ ಗಾಳಿ ಯಾವ ಕಡೆಯಿಂದ ಎಷ್ಟು ತಳ್ಳುತ್ತಿದೆ ಎಂಬುದೂ ತಿಳಿದಿರುತ್ತದೆ.